ಎರಡು ಬೀಗದ ಪೆಟ್ಟಿಗೆ

ಅಕ್ಕನ ಫೋನಿಗೆ ನಾನು ಕಳಿಸಿದ್ದ ಸಂದೇಶವನ್ನು ಭಾವ ಎಲ್ಲರ ಊಟದ ನಡುವೆ ಗಟ್ಟಿಯಾಗಿ ಓದಿದ. (ಎದುರಿಗೆ ಬಹುವಚನ, ಬರೆಯುವಾಗ ಇಷ್ಟೇ ಮರ್ಯಾದೆ.) ‘ಸಂದರ್ಶನದಲ್ಲಿ ಕೈ ಬೆವರಿತು, ಹೆಸರು ಹೇಳಲೂ ಬಾಯಿ ಬರಲಿಲ್ಲ’ ಎಂಬಲ್ಲಿ ನನ್ನ ಹಾಗೆಯೇ ತೊದಲಿ ತೋರಿಸಿದ. ದೊಡ್ಡಪ್ಪ ನಕ್ಕು ನಕ್ಕು ಕೆಮ್ಮಿದರು. ಈ ನಗುವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಇನ್ನು ಸಂದೇಶಗಳನ್ನು ಗುಪ್ತಪದ ಹಾಕಿ ಮುಚ್ಚಿಯೇ ಕಳಿಸಬೇಕು. ಆದರೆ ಆ ಪದವನ್ನೇ ಪಕ್ಕದೂರಿನ ಅಕ್ಕನಿಗೆ ತಲುಪಿಸುವುದು ಹೇಗೆ? ಫೋನು ಅವನ ಕಣ್ಣಳತೆಯಲ್ಲಿ. ಪಾರ್ಸೆಲ್ ವ್ಯಾನ್ ಓಡಿಸುವವನೂ ಅವನೇ.

ಅಕ್ಕನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿ ಅವನು ಕೇಳುತ್ತಿದ್ದಾನೆಂದು ಗೊತ್ತಿದ್ದೂ ಹೇಳಿದೆ: “ಅಕ್ಕಾ, ಚೀಟಿ ಪೆಟ್ಟಿಗೇಲಿಟ್ಟು ನನ್ನ ಬೀಗ ಹಾಕಿ ಕಳಿಸ್ತೀನಿ. ಪಕ್ಕದಲ್ಲಿ ನಿನ್ನ ಬೀಗ ಹಾಕಿ ವಾಪಸ್ ಕಳಿಸು. ನನ್ನದು ತೆಗೆದು ಮತ್ತೆ ಕಳಿಸ್ತೀನಿ, ಆಮೇಲೆ ನಿನ್ನದು ನೀನು ತೆಗಿ. ಬೀಗದಕೈ ಯಾರದೂ ಮನೆ ಬಿಟ್ಟು ಹೊರಡಲ್ಲ.”

“ಅಬ್ಬಾ, ನಮ್ಮ ಮೂಗಿಯ ತಲೆ ನೋಡೇ!” ಹಿಂದಿನಿಂದ ಭಾವನ ದನಿ.

ಭಾವನ ವ್ಯಾನಿನಲ್ಲಿ ಹೋದ ಪೆಟ್ಟಿಗೆ ಎರಡು ಬೀಗ ಹೊತ್ತು ಮರಳಿತು.

“ತಗೋ, ನಿಮ್ಮಕ್ಕನ ಬೀಗ. ಬೇಗ ನಿನ್ನದು ತೆಗೆದುಕೊಡು, ಹೊರಡಬೇಕು.”

ಆ ಬೀಗ ಮುಟ್ಟಿದೆ. ಬೆರಳಿಗೆ ಕಪ್ಪು ಗ್ರೀಸ್ ಅಂಟಿತು. ಕಿಟಕಿಯಾಚೆ, ವ್ಯಾನಿನ ಹಿಂಬಾಗಿಲಿಗೆ ಬೀಗದ ಬದಲು ಹಗ್ಗ ಕಟ್ಟಿತ್ತು.

ಪೆಟ್ಟಿಗೆ ಅಕ್ಕನವರೆಗೆ ಹೋಗೇ ಇರಲಿಲ್ಲ. ನಡುದಾರಿಯಲ್ಲಿ ಇವನೇ ಅಕ್ಕನಾಗಿದ್ದ. ನನ್ನ ಬೀಗ ತೆಗೆದುಕೊಟ್ಟರೆ ಚೀಟಿ ಇವನ ಪಾಲು. ನನ್ನ ಉಪಾಯದ ತೂತು ಅದೇ: ಎರಡನೆಯ ಬೀಗ ಯಾರದೆಂದು ತಿಳಿಯುವ ದಾರಿಯನ್ನೇ ನಾನು ಯೋಚಿಸಿರಲಿಲ್ಲ. ಆದರೂ ಖುಷಿಯಾಯಿತು: ಅವನ ಕಳ್ಳತನದ ಸಾಕ್ಷಿ ಈಗ ನನ್ನ ಪೆಟ್ಟಿಗೆಯ ಮೇಲೇ ತೂಗುತ್ತಿತ್ತು.

“ಭಾನುವಾರ ಎಲ್ಲ ಊಟಕ್ಕೆ ಬರ್ತೀರಲ್ಲ ಭಾವ, ಅಕ್ಕನ ಕೈಗೇ ಕೊಡ್ತೀನಿ.”

“ಅಲ್ಲೀತನಕ ಯಾಕೆ...”

“ನಿಮಗ್ಯಾಕೆ ತೊಂದರೆ?”

ಬೀಗ ತನ್ನದು ಎನ್ನುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಹಗ್ಗವನ್ನು ಇನ್ನಷ್ಟು ಬಿಗಿದು ಹೊರಟ.

ಭಾನುವಾರ ಪೆಟ್ಟಿಗೆಯನ್ನು ಊಟದ ಮೇಜಿನ ನಡುವಿಟ್ಟು ನನ್ನ ಬೀಗ ತೆಗೆದೆ. “ಅಕ್ಕಾ, ಈಗ ನಿನ್ನದು.”

“ನನ್ನದ್ಯಾವುದೇ? ಬರುತ್ತೆ ಬರುತ್ತೆ ಅಂತ ಕಾದಿದ್ದೇ ಬಂತು. ಪೆಟ್ಟಿಗೆ ಈಗಲೇ ನೋಡ್ತಿರೋದು.”

ದೊಡ್ಡಪ್ಪ ಬೀಗ ತಿರುಗಿಸಿ ನೋಡಿದರು. “ಇದು ನಿನ್ನ ವ್ಯಾನಿನ ಬೀಗ ಅಲ್ವೇನಯ್ಯಾ? ಕಳೆದುಹೋಯ್ತು ಅಂದಿದ್ದೆ?”

ಎಲ್ಲರೂ ಭಾವನನ್ನೇ ನೋಡಿದರು. ಅವನು ಜೇಬಿನಿಂದ ಬೀಗದಕೈ ತೆಗೆದ. ಬೆವರಿದ ಬೆರಳಿಂದ ಅದು ಜಾರಿ ಸಾರಿನೊಳಗೆ ಬಿತ್ತು. ಒರೆಸಿಕೊಂಡು ತೆರೆದ.

“ಗಟ್ಟಿಯಾಗಿ ಓದಿ ಭಾವ. ನಿಮಗೆ ಅಭ್ಯಾಸ ಇದೆಯಲ್ಲ.” ನನ್ನ ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಅವನು ಚೀಟಿಯಲ್ಲಿದ್ದ ಗುಪ್ತಪದ ಓದಿದ: “ಹ... ಹಲ್ಲಿ... ಕೆಮ್ಮು... ನಲವತ್ತೊಂದು.”

ಈ ಸಲ ದೊಡ್ಡಪ್ಪನ ಕೆಮ್ಮು ನಿಲ್ಲಲೇ ಇಲ್ಲ.

ಹೊಸ ಪದವನ್ನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವನು ನೋಡುತ್ತಿರುವಾಗಲೇ, ನಿಧಾನವಾಗಿ.