ಎಡಗಾಲು ಕೊಡುವವಳು

ಜಪಾನಿನ ನಮ್ಮೂರು ಹಚಿನೊಹೆಯ ಸ್ಟೇಷನ್ನಿನಲ್ಲಿ ಇಳಿದರೆ ಮೊದಲು ಕಣ್ಣಿಗೆ ರಾಚುವುದು ಪೋಸ್ಟರಿನ ಮೇಲಿನ ಚಿಗುಸಾ ನಗಾನುಮಾಳ ಮುಖ. ಫ್ರೀಸ್ಟೈಲ್ ಕುಸ್ತಿಯಲ್ಲಿ ಮೂರು ಸಲ ವಿಶ್ವ ಚಾಂಪಿಯನ್. ಅಲ್ಲಿ ಮಾರುವ ಬಂಗುಡೆ ಊಟದ ಡಬ್ಬಿಗೂ ಅವಳದೇ ಹೆಸರು. ಕುಸ್ತಿಯ ಮ್ಯಾಟಿಗೆ ಉಜ್ಜಿ ಉಜ್ಜಿ ಕಡುಬಿನಂತೆ ಊದಿಕೊಂಡ ಅವಳ ಕಿವಿಗಳನ್ನು ಅದೃಷ್ಟ ಬರುತ್ತದೆಂದು ಮುದುಕಿಯರು ಮುಟ್ಟಿ ನೋಡುತ್ತಾರೆ. ನನಗೂ ಅಂಥವೇ ಎರಡಿವೆ, ಯಾರಿಗೂ ಬೇಕಾಗಿಲ್ಲ.

ನಾನು ಮುತ್ಸುಕಿ, ಅದೇ ಕ್ಲಬ್ಬಿನವಳು, ಅವಳಿಗಿಂತ ಎರಡು ವರ್ಷ ಕಿರಿಯಳು. ಹೈಸ್ಕೂಲಿನಿಂದಲೂ ಅವಳ ಅಭ್ಯಾಸಕ್ಕೆ ಮೈ ಕೊಟ್ಟವಳು. ಕಿರಿಯರು ಮ್ಯಾಟ್ ಒರೆಸಬೇಕು, ಹಿರಿಯರು ಕೇಳಿದಾಗ ಬೀಳಬೇಕು. ಚಿಗುಸಾ "ಇನ್ನೊಂದು" ಅನ್ನುತ್ತಾಳೆ. ನಾನು ಎಡಗಾಲು ಮುಂದಿಡುತ್ತೇನೆ. ಅವಳು ನುಗ್ಗಿ ಅದನ್ನೆತ್ತಿ ನನ್ನನ್ನು ಕೆಡವುತ್ತಾಳೆ. ಜಗತ್ತೇ ಹೊಗಳುವ ಅವಳ ಆ ಪಟ್ಟು ನನ್ನ ಮೊಣಕಾಲಿನ ಮೇಲೆ ಬೆಳೆದದ್ದು. ನನಗದು ಮೈಯೆಲ್ಲ ಉರಿ.

ಈ ವರ್ಷ ರಾಷ್ಟ್ರೀಯ ಫೈನಲ್‌ನಲ್ಲಿ ನಾವಿಬ್ಬರೇ ಎದುರಾದೆವು. ಗೆದ್ದವಳಿಗೆ ಒಲಿಂಪಿಕ್ಸ್, ಸೋತವಳಿಗೆ ಮತ್ತೆ ಅದೇ ಮ್ಯಾಟ್ ಒರೆಸುವ ಬಟ್ಟೆ. ತಿಂಗಳುಗಟ್ಟಲೆ ಕದ್ದುಮುಚ್ಚಿ ಬಲಗಾಲು ಮುಂದಿಟ್ಟು ಆಡುವುದನ್ನು ಕಲಿತಿದ್ದೆ. ಅವತ್ತು ಅವಳ ಕೈಗೆ ಗಾಳಿಯಷ್ಟೇ ಸಿಕ್ಕಿತು. ಕೊನೆಯ ಕ್ಷಣಗಳಲ್ಲಿ ಅವಳನ್ನು ಗೆರೆಯಾಚೆ ನೂಕಿ ಒಂದು ಅಂಕ ಗಳಿಸಿದೆ. ಮೂರಕ್ಕೆ ಎರಡು, ಮುನ್ನಡೆ ನನ್ನದು.

ಮತ್ತೆ ನಡುವೆ ಬಂದು ನಿಂತೆವು. ರೆಫರಿ ಸೀಟಿ ಊದಿದ. ಚಿಗುಸಾ ತಲೆ ತಗ್ಗಿಸಿ, ದಿನಾ ಬೆಳಗ್ಗೆಯ ಅದೇ ದನಿಯಲ್ಲಿ ಮೆಲ್ಲಗೆ ಅಂದಳು, "ಇನ್ನೊಂದು."

ನನ್ನ ಎಡಗಾಲು ತಾನಾಗಿ ಮುಂದೆ ಹೋಯಿತು. ನಾನು ಬಿದ್ದೆ. ಕೆಡವಿದ್ದಕ್ಕೆ ಎರಡು ಅಂಕ; ನಾಲ್ಕಕ್ಕೆ ಮೂರು, ಗೆದ್ದವಳು ಅವಳು.

"ಮುತ್ಸುಕಿ ಇಲ್ದಿದ್ರೆ ನಾನೇ ಇಲ್ಲ," ಎಂದು ಅವಳು ಟೀವಿಯವರ ಮುಂದೆ ಅತ್ತಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳ ದಾರಿಗೆ ಅಡ್ಡ ನಿಂತೆ.

"ಬೇಕಂತಲೇ ಅಂದ್ಯಲ್ಲಕ್ಕಾ?"

"ಹೂಂ, ಬೇಕಂತಲೇ. ನಾನು ಅಂದೆ, ನೀನು ಕೊಟ್ಟೆ. ಕೊಡು ಅಂತ ಕಾಲು ಹಿಡ್ಕೊಂಡಿದ್ನಾ?" ಎಂದು ನಕ್ಕು, ಒದ್ದೆ ಟವೆಲ್ಲನ್ನು ನನ್ನ ಕೈಗೇ ತುರುಕಿ ಹೋದಳು.

ಮರುವಾರ ಚಾಂಪಿಯನ್ನಿನ ಅಭ್ಯಾಸ ಚಿತ್ರಿಸಲು ಟೀವಿಯವರು ಕ್ಲಬ್ಬಿಗೆ ಬಂದರು. ಕೋಚ್ ಒನೊದೆರಾ ನನ್ನನ್ನು ಪಕ್ಕಕ್ಕೆ ಕರೆದ. "ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ? ನಗ್ತಾ ಬೀಳು. ಊರಿನ ಮರ್ಯಾದೆ ಪ್ರಶ್ನೆ."

"ಇನ್ನೊಂದು," ಅಂದಳು ಚಿಗುಸಾ, ಕ್ಯಾಮೆರಾಗೆ ಕೇಳುವ ಹಾಗೆ.

ಎಡಗಾಲು ಮುಂದಿಟ್ಟೆ. ಈ ಸಲ ನಾನೇ ಇಟ್ಟೆ. ಅವಳು ನುಗ್ಗಿದಾಗ ಕಾಲನ್ನು ಹಿಂದಕ್ಕೆಳೆದುಕೊಂಡು, ಅವಳ ಬೆನ್ನ ಹಿಂದಕ್ಕೆ ಸುತ್ತಿ ಬಂದು, ಅವಳ ಮುಖವನ್ನು ಮ್ಯಾಟಿಗೆ ಒತ್ತಿದೆ. ಎಷ್ಟು ಹಿತವಾಯಿತೆಂದು ಹೇಳಲು ನನಗೆ ನಾಚಿಕೆಯಿಲ್ಲ.

"ಏಯ್! ತಲೆ ಕೆಟ್ಟಿದೆಯೇನೇ?" ಒನೊದೆರಾ ಕಿರುಚಿದ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಆಯ್ತು ಸರ್. ಮ್ಯಾಟ್ ನೀವೇ ಒರೆಸ್ಕೊಳ್ಳಿ."

ಚಿಗುಸಾ ಎದ್ದಳು, ಹಣೆ ಕೆಂಪಾಗಿತ್ತು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು.

"ಇನ್ನೊಂದು, ಅಕ್ಕಾ," ಅಂದೆ.

ಅವಳು ತನ್ನ ಕಾಲುಗಳನ್ನೇ ನೋಡಿಕೊಂಡಳು. ಎಡಗಾಲು ತುಸು ಎತ್ತಿ ಇಳಿಸಿದಳು, ಆಮೇಲೆ ಬಲಗಾಲು. ಇಷ್ಟು ವರ್ಷಗಳಲ್ಲಿ ಯಾರೂ ಅವಳ ಕಾಲು ಕೇಳಿರಲಿಲ್ಲ. ಕೊಡುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ.