ಹದಿನೇಳನೇ ಸೀಟು

ಯಾರೂ ಕೂತಿಲ್ಲದಿದ್ದರೂ ಹದಿನಾರನೇ ಸೀಟಿನ ಕಂಪ್ಯೂಟರಿನ ಫ್ಯಾನು ಬುಸುಗುಟ್ಟುತ್ತಿತ್ತು. ಪಕ್ಕದ ಹದಿನೇಳು ಮಾತ್ರ ತಣ್ಣಗಿತ್ತು. ಬೊಂಗ್‌ಸುಕ್ ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಳು. ಮಾಸಾನ್ ಊರಿನ ಬಂದರು ಬೀದಿಯ ಅವಳ ಗೇಮಿಂಗ್ ಅಂಗಡಿಯಲ್ಲಿ ನಲವತ್ತು ಕಂಪ್ಯೂಟರು, ಮೂವತ್ತೊಂಬತ್ತು ತೆವಳುತ್ತಿದ್ದವು. ತೆವಳದ ಆ ಹದಿನೇಳರಲ್ಲಿ ದಿನಾ ಕೂತು ಆಡುತ್ತಿದ್ದವನು ಅವನ್ನೆಲ್ಲ ರಿಪೇರಿ ಮಾಡುವ ಗ್ಯುಚೊಲ್.

“ಎಲ್ಲ ಧೂಳಿನ ಕೆಲಸ ಅಕ್ಕಾ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ, ಹೆಂಗೆ ಓಡ್ತವೆ ನೋಡಿ,” ಎಂದಿದ್ದ. ಸತ್ತ ಗಂಡನ ದೋಣಿ ಮಾರಿ ಹಾಕಿಸಿದಳು. ಆಮೇಲೂ ಅದೇ ಹಾಡು. ಆಡಲು ಬರುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಎದುರಿನ ಗೇಮಿಂಗ್ ಅಂಗಡಿ ಹಿಡಿದರು. ಹೀಗೇ ಹೋದರೆ ಈ ತಿಂಗಳು ಬಾಗಿಲು ಹಾಕುವುದೇ.

ಕೌಂಟರಿನ ಮುಖ್ಯ ಕಂಪ್ಯೂಟರಿನಲ್ಲಿ, ಯಾವ ಸೀಟಿನಲ್ಲಿ ಯಾವ ಪ್ರೋಗ್ರಾಂ ಓಡಬೇಕೆಂಬ ಪಟ್ಟಿ ತೆಗೆದಳು. ಗೊತ್ತಿಲ್ಲದ ಹೆಸರೊಂದಿತ್ತು. ಮೂವತ್ತೊಂಬತ್ತು ಸೀಟಿನ ಮುಂದೆ ಗುರುತು. ಹದಿನೇಳರ ಮುಂದೆ ಇಲ್ಲ. ನಾಚಿಕೆ ಬಿಟ್ಟು ಎದುರಂಗಡಿಯವನಿಗೇ ಫೋನು ಮಾಡಿ ಹೆಸರು ಓದಿದಳು.

“ಅದು ಡಿಜಿಟಲ್ ನಾಣ್ಯ ಹುಟ್ಸೋದು ಕಣಮ್ಮ. ಹಿಂದ್ಗಡೆ ಗೊತ್ತಾಗ್ದಂಗೆ ನಡೀತಿರುತ್ತೆ, ಕಂಪ್ಯೂಟರಿನ ಬಲವೆಲ್ಲ ಅದೇ ತಿನ್ನುತ್ತೆ. ಕರೆಂಟು ನಿಂದು, ಕಾಸು ಇನ್ನೊಬ್ಬಂದು.”

ಈ ಪಾಪಿಗೆ ದಿನಾ ಮೊಟ್ಟೆ ಒಡೆದು ಹಾಕಿ ನೂಡಲ್ಸ್ ಮಾಡಿ ಕೊಟ್ಟೆನಲ್ಲ ಎಂದು ಅವಳು ಒರೆಸುವ ಬಟ್ಟೆಯನ್ನು ಕೌಂಟರಿನ ಮೇಲೆ ಎಸೆದಳು. ಪೊಲೀಸರಿಗೆ ಹೇಳಬೇಕು, ಆದರೆ ನಾಳೆ. ಇವತ್ತು ಮಧ್ಯಾಹ್ನ ಮೂರಕ್ಕೆ, ಹದಿನೇಳರಲ್ಲೇ ಕೂತು ಆಡುವ ಅವನ ಆನ್‌ಲೈನ್ ಆಯ್ಕೆ ಪಂದ್ಯ. ಗೆದ್ದರೆ ಸಿಯೋಲಿನ ಗೇಮಿಂಗ್ ತಂಡ ಸೇರುತ್ತಾನೆ. ಎರಡು ವರ್ಷದಿಂದ ಅದನ್ನೇ ಜಪಿಸುತ್ತಿದ್ದ. ಮೂವತ್ತೊಂಬತ್ತು ಗುರುತು ಅಳಿಸಿ, ಹದಿನೇಳರ ಮುಂದೆ ಒಂದು ಹಾಕಿದಳು.

ಪಂದ್ಯ ಶುರುವಾಗಿ ಹತ್ತು ನಿಮಿಷವಾಗಿರಬೇಕು.

“ಅಕ್ಕಾ, ಇದು ನಿಂತ್ ನಿಂತ್ ಓಡ್ತಿದೆ.”

“ಧೂಳಿರ್ಬೇಕು ಕಣಪ್ಪಾ.”

“ತಮಾಷೆ ಬೇಡ, ಪಂದ್ಯ ಹೋಗ್ತಿದೆ.”

“ಹೊಸ ಕಾರ್ಡ್ ಹಾಕ್ಸು. ಮಾರೋಕೆ ದೋಣಿ ಇದ್ಯಾ ನಿಂಗೆ?”

ಮೌಸಿನ ಮೇಲೆ ಅವನ ಕೈ ನಿಂತಿತು. ಹೆಡ್‌ಫೋನು ತೆಗೆದು ಹದಿನಾರರ ಕಡೆ ತಿರುಗಿದ. ಅದರ ಫ್ಯಾನು ಸುಮ್ಮನಿತ್ತು. ಇಡೀ ಸಾಲು ಸುಮ್ಮನಿತ್ತು. ಪರದೆಯ ಮೇಲೆ ಅವನ ಆಟಗಾರ ಕಲ್ಲಿನಂತೆ ನಿಂತು ಏಟು ತಿನ್ನುತ್ತಿದ್ದ.

ಅವನಿಗೆಂದು ತಂದಿದ್ದ ನೂಡಲ್ಸ್ ಬಟ್ಟಲನ್ನು ಬೊಂಗ್‌ಸುಕ್ ಕೌಂಟರಿಗೆ ವಾಪಸು ಒಯ್ದಳು. ಹದಿನೇಳರ ಫ್ಯಾನೊಂದೇ ಬುಸುಗುಟ್ಟುತ್ತಿತ್ತು. ಅವಳು ಕೂತು, ಮೊದಲು ಮೊಟ್ಟೆ ತಿಂದಳು.