ಸೊಸೆ ಹೇಳದ ಹೆಸರು

ಬಿಶ್ಕೆಕ್‌ನ ಷೇರುಪೇಟೆ ನಿಯಂತ್ರಣ ಕಚೇರಿಯಲ್ಲಿ ಬುರುಲ್ ತನ್ನ ಮಾವನ ಪಕ್ಕ ಕುಳಿತಿದ್ದಳು. ಮಾವ ಕೋಜುಬೆಕ್ ಷೇರು ದಲ್ಲಾಳಿ. ಗಿರಾಕಿಯೊಬ್ಬನ ಷೇರುಗಳನ್ನು ಅವನನ್ನು ಕೇಳದೆ ಮಾರಿದರೆಂಬ ದೂರು ಅವರ ಮೇಲಿತ್ತು. ಲೈಸೆನ್ಸ್ ರದ್ದು ಮಾಡುವ ಆದೇಶ ಸಹಿಗೆ ಕಾದಿತ್ತು. ವಿಚಾರಣೆಯ ನೋಟಿಸು ಮಾತ್ರ ಅವರ ಕೈ ಸೇರಿರಲೇ ಇಲ್ಲ. ಇನ್ನೊಬ್ಬ ದಲ್ಲಾಳಿಯ ಬಾಯಿಂದ ಸುದ್ದಿ ಕೇಳಿ ಇಬ್ಬರೂ ಓಡಿ ಬಂದಿದ್ದರು.

"ನಾನೇ ಒಯ್ದಿದ್ದೆ ಅಕ್ಕ," ಎಂದು ಗುಮಾಸ್ತ ಎರ್ಮೆಕ್ ಅಧ್ಯಕ್ಷೆ ಬಾಕ್ತಿಗುಲ್‌ಗೆ ಹೇಳಿದ. "ಕೋಜುಬೆಕ್ ಮನೆ ಇದೇನಾ ಅಂದೆ. 'ಕುರಿಯ ಕಂದ ಬೆಟ್ಟಕ್ಕೆ ಹೋಗಿದ್ದಾರೆ' ಅಂದ್ರು ಈಯಮ್ಮ. ಗೇಲಿ ಮಾಡ್ತಿದಾರೆ ಅಂದ್ಕೊಂಡೆ. ನೋಟಿಸು ತಗೊಳ್ಳೋಕೆ ಒಪ್ಪಲಿಲ್ಲ ಅಂತ ಬರೆದು ಬಂದ್ಬಿಟ್ಟೆ."

ಬುರುಲ್‌ಳ ಕಿವಿ ಬಿಸಿಯಾಯಿತು. ಅವರ ಕಿರ್ಗಿಜ್ ಮಾತಿನಲ್ಲಿ ಕೋಜು ಎಂದರೆ ಕುರಿಮರಿ. ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಮದುವೆಯಾದಾಗಿನಿಂದ ಅವಳು ಕೊಟ್ಟಿಗೆಯ ಮರಿಯನ್ನೂ ಆ ಹೆಸರಿನಿಂದ ಕರೆದವಳಲ್ಲ.

"ಎರ್ಮೆಕ್, ನಿನ್ನ ಹೆಂಡ್ತಿ ನಿಮ್ಮಪ್ಪನ್ನ ಏನಂತ ಕರೀತಾಳೆ?" ಬಾಕ್ತಿಗುಲ್ ಕೇಳಿದರು.

"ಹೆಸರು ಹಿಡಿದೇ ಕರೀತಾಳೆ. ನಾವು ಪೇಟೆಯೋರು."

"ಪಾಪ, ನಿಮ್ಮಪ್ಪ ತುಂಬ ತಾಳ್ಮೆಯೋರು."

ಎರ್ಮೆಕ್ ಪಟ್ಟು ಬಿಡಲಿಲ್ಲ. "ಬೇಡ ಅಂದ್ರೂ ನೋಟಿಸು ಮುಟ್ಟಿದ ಹಾಗೇ ಲೆಕ್ಕ ಅಂತ ನಿಯಮ ಇದೆಯಲ್ಲ ಅಕ್ಕ."

ಮಾವನೆದುರು ದನಿ ಎತ್ತದ ಬುರುಲ್ ತಲೆ ಎತ್ತಿದಳು. "ನಾನು ಬೇಡ ಅಂದೆನಾ? ಒಳಗೆ ಬನ್ನಿ, ಚಹಾ ಕುಡೀರಿ ಅಂದೆ. ನೀವು ಚೀಲದ ಬಾಯೇ ಬಿಚ್ಚಲಿಲ್ಲ. ಒಳಗೆ ಏನಿದೆ ಅಂತ ನಂಗೇನು ಕನಸು ಬೀಳತ್ತಾ?"

"ತೋರಿಸಿದ್ಯಾ?" ಬಾಕ್ತಿಗುಲ್ ಕೇಳಿದರು.

ಎರ್ಮೆಕ್ ಕತ್ತು ಕೆರೆದುಕೊಂಡ. "ಇಲ್ಲ."

"ತೋರಿಸದೇ ಇರೋದನ್ನ ಬೇಡ ಅನ್ನೋದು ಹೇಗಪ್ಪಾ?" ಅವರು ಆದೇಶವನ್ನು ಪಕ್ಕಕ್ಕೆ ಸರಿಸಿ, ನೋಟಿಸನ್ನು ಕೋಜುಬೆಕ್‌ರ ಕೈಗೇ ಕೊಟ್ಟರು. "ಇವತ್ತು ಸಹಿ ಇಲ್ಲ, ವಿಚಾರಣೆಗೆ ಬೇರೆ ದಿನ ಕೊಡ್ತೀನಿ. ಓದಿ, ಉತ್ತರ ತಯಾರು ಮಾಡ್ಕೊಳ್ಳಿ. ವಕೀಲರು ಬೇಕಿದ್ರೆ ಕರ್ಕೊಂಡು ಬನ್ನಿ. ನಿಮ್ಮ ಮಾತು ಕೇಳಿದ ಮೇಲೇ ತೀರ್ಮಾನ. ತಪ್ಪು ಮಾಡಿದ್ರೆ ಲೈಸೆನ್ಸ್ ಆಗಲೂ ಹೋಗತ್ತೆ, ನೆನಪಿರಲಿ."

ಕೋಜುಬೆಕ್ ನೋಟಿಸಿನಲ್ಲಿದ್ದ ದೂರನ್ನು ನಿಧಾನವಾಗಿ ಓದಿದರು. ಅವರ ಮುಖ ತಿಳಿಯಾಯಿತು.

"ಮಾರಿಬಿಡು ಅಂತ ಆ ಗಿರಾಕಿನೇ ಫೋನಲ್ಲಿ ಹೇಳಿದ್ದು ರೆಕಾರ್ಡ್ ಆಗಿದೆ," ಎಂದರು. "ಇದುವರೆಗೆ ನನ್ನನ್ನ ಯಾರೂ ವಿಚಾರಿಸಿರಲಿಲ್ಲ, ನಾನೂ ಹೇಳಿರಲಿಲ್ಲ. ವಿಚಾರಣೆ ದಿನ ತರ್ತೀನಿ. ಅವನನ್ನೂ ಕರೆಸಿ, ನನ್ನೆದುರಿಗೇ ಕೂತು ತನ್ನ ಮಾತು ತಾನೇ ಕೇಳಲಿ."